ಹನ್ನೊಂದು ಟಾರ್ಪಾಲಿನ ಬಾಕಿ

ದುಡ್ಡಿಲ್ಲ ಗುಲಾಬಿಯಕ್ಕ, ಬೇಕಾದರೆ ಆ ಜೀಪು ಕೊಂಡುಹೋಗಿ
ಎಂದ ಕಲ್ಲುಕೋರೆಯ ಕಾಂತಪ್ಪ, ತಮಾಷೆಗೆ.
ನಾನು ಹೂಂ ಎಂದೆ. ತಮಾಷೆಗಲ್ಲ.
ಹನ್ನೊಂದು ಟಾರ್ಪಾಲು ಹೊಲಿದ ಬಾಕಿ
ಹಗ್ಗ ಕಟ್ಟಿಸಿಕೊಂಡು ಸೀತಾಂಗೋಳಿಯ ಪದವಿನಿಂದಿಳಿದು
ನಮ್ಮ ಅಂಗಳಕ್ಕೆ ಬಂತು:
ಹಿಂದಿನ ಸೀಟು ಕೊಯ್ದು, ಕಲ್ಲು ಹೇರಲು ತೊಟ್ಟಿ ಮಾಡಿದ,
ನನಗಿಂತ ಎರಡೇ ವರ್ಷ ಕಿರಿಯ ಜೀಪು.

ಎಂತಕ್ಕೆ ಇದು, ಕೇಳಿದಳು ನೆರೆಮನೆಯ ಯಮುನ.
ಬಾನೆಟ್ಟು ಎತ್ತಿದರೆ ಏರ್ ಫಿಲ್ಟರಿನ ಪಕ್ಕ
ಕಾಂತಪ್ಪನ ಹೇಂಟೆಯ ಮೂರು ಮೊಟ್ಟೆ.
ಅವನ್ನು ಹಿಂದೆ ಕೊಡಲಿಲ್ಲ. ಬಡ್ಡಿ.

ಹೊಲಿಗೆ ಮೆಷಿನನ್ನು ಚಾವಡಿಗೆ ದೂಡಿ
ಶೀಟಿನ ಮಾಡಿನಡಿ ಜಾಗ ಮಾಡಿದೆ.
ತನ್ನ ಗ್ಯಾರೇಜು ಮುಚ್ಚಿ ರಾತ್ರಿ ಮಮ್ಮುಂಞಿಚ್ಚ ಬರುವುದು,
ತಲೆಗೆ ಟಾರ್ಚು ಕಟ್ಟಿಕೊಂಡು.
ಹಿಡಿದ ನಟ್ಟುಗಳಿಗೆ ರಾತ್ರಿಯಿಡೀ ಡೀಸೆಲು ಕುಡಿಸುವುದು,
ಬೆಳಿಗ್ಗೆ ನಾನೊಮ್ಮೆ ತಿರುಗಿಸಿ ನೋಡುವುದು,
ಬಿಡದಿದ್ದರೆ ಬೈಯುವುದು.
ತುಳುವಿನಲ್ಲಿ ಬೈದರೆ ಬೇಗ ಬಿಡುತ್ತದೆ ಎಂದು ಅವನ ಲೆಕ್ಕ;
ತನ್ನ ಮಲೆಯಾಳದಲ್ಲಿ ಅಷ್ಟು ಖಾರ ಇಲ್ಲವಂತೆ.

ಬೇಳದ ಸಿಪ್ರಿ ಕ್ರಾಸ್ತ ಎಮರಿ ಕಾಗದ ಹಿಡಿದು ಬಾಗಿಲು ತಿಕ್ಕಿದ.
ಬಿಳಿಯ ಕೆಳಗೆ ನೀಲಿ,
ನೀಲಿಯ ಕೆಳಗೆ ಯಾವುದೋ ಚುನಾವಣೆಯ ಅರ್ಧ ಚಿಹ್ನೆ,
ಮಲೆಯಾಳದ ಒಂಟಿ ಅಕ್ಷರ, ಮತ್ತೆ ಹಸಿರು,
ಹಸಿರಿನಡಿ ಕನ್ನಡದಲ್ಲಿ ‘ಜೋಪಾನ’.
ಯಾರು ಯಾರಿಗೆ ಹೇಳಿದ್ದೋ.
ಅದನ್ನೊಂದು ಉಳಿಸು ಸಿಪ್ರೀ ಎನ್ನುವಷ್ಟರಲ್ಲಿ
ತಗಡು ಕಂಡಿತ್ತು.

ನನ್ನ ಎಡಗಾಲು ಮೂರನೇ ವರ್ಷಕ್ಕೇ ಬೆಳೆಯುವುದು ಬಿಟ್ಟದ್ದು.
ಇಷ್ಟು ಹೊತ್ತು ಅದರ ಮಾತು ಬರಲಿಲ್ಲ,
ಹೊಲಿಗೆ ಮೆಷಿನಿಗೆ ಅದು ಬೇಡ.
ಜೀಪಿಗೆ ಬೇಕು. ಕ್ಲಚ್ಚು ಎಡಗಾಲಿನದು.
ಮಮ್ಮುಂಞಿಚ್ಚ ಪೆಡಲನ್ನು ತುಂಬ ಹೊತ್ತು ನೋಡಿದ.
ಇದನ್ನು ಮಾಡಿದವನಿಗೆ ಎರಡೂ ಕಾಲಿತ್ತು ಎಂದ,
ಅದೊಂದು ರಿಪೇರಿಯಾಗಬೇಕಾದ ತಪ್ಪು ಎಂಬ ಹಾಗೆ.

ಸ್ಕೂಟರಿನಲ್ಲಿ ಕೈಯಲ್ಲೇ ಇಲ್ಲವಾ?
ಸ್ಕೂಟರಿನ ಕೇಬಲ್ಲು ಹಾಕಿದ. ಟಪ್.
ಮತ್ತೊಂದು, ದಪ್ಪದ್ದು. ನಾಲ್ಕು ದಿನ ಬಾಳಿತು.
ಮೂರನೇ ಸಲ ಮಾತೇ ಆಡಲಿಲ್ಲ. ಗುಜರಿಯಿಂದ
ಬಸ್ಸಿನ ಹ್ಯಾಂಡ್‌ಬ್ರೇಕಿನ ಲಿವರು ತಂದ, ಹಲ್ಲು ಸಮೇತ,
ಪಂಪು ಬಂದ ಮೇಲೆ ಸುಮ್ಮನೆ ತೂಗುತ್ತಿದ್ದ
ಬಾವಿಯ ರಾಟೆ ಬಿಚ್ಚಿ ಚಾಸಿಗೆ ಬೆಸೆದ.
ನೀರು ಸೇದಿದ್ದೀಯಲ್ಲ? ಅದೇ.
ಎಳೆ. ಹಲ್ಲಿಗೆ ಸಿಕ್ಕಿಸು. ಗೇರು ಹಾಕು.
ಇನ್ನು ಬಿಡು, ಮೆಲ್ಲ,
ತುಂಬಿದ ಕೊಡ ಕೆಳಗಿಳಿಸುವ ಹಾಗೆ.

ಆಫೀಸಿನ ಫಾರ್ಮಿನಲ್ಲಿ ಅಶಕ್ತರ ವಾಹನ ಎಂದೊಂದು ಕಾಲಮ್ಮು.
ಯಾರು ಅಶಕ್ತರು, ಜೀಪಾ, ಎಂದು ಕೇಳಿದೆ.
ಗುಮಾಸ್ತ ನಗಲಿಲ್ಲ. ಏಳು ತಿಂಗಳು ಹಿಡಿಯಿತು.

ಮೊನ್ನೆ ಕೋರೆಯ ದಾರಿಯಲ್ಲಿ ಪದವಿಗೆ ಹತ್ತಿಸಿದೆ
ನಾಲ್ಕೂ ಚಕ್ರಕ್ಕೆ ಗೇರು ಕೊಟ್ಟು.
ತೊಟ್ಟಿಯಲ್ಲಿ ಬೋಲ್ಟು ಬಿಗಿದ ಹೊಲಿಗೆ ಮೆಷಿನು,
ಅದನ್ನು ತಬ್ಬಿಕೊಂಡು ಯಮುನನ ಮಗ ಸಜಿತ.
ಅರ್ಧದಲ್ಲಿ ಇಂಜಿನು ಬಂದ್.
ಹಿಂದಕ್ಕೆ ಒಂದು ಮಾರು ಜಾರಿತು, ಹೊಟ್ಟೆ ಎರಡು ಮಾರು.
ಹುಡುಗ ಹಾರಿ ಚಕ್ರಕ್ಕೆ ಕೆಂಪುಕಲ್ಲು ಕೊಟ್ಟ.
ಎಳೆದೆ, ಸಿಕ್ಕಿಸಿದೆ, ಚಾವಿ ತಿರುಗಿಸಿದೆ,
ರಾಟೆ ಕಿರ್ರೆಂದಿತು ಬಾವಿಕಟ್ಟೆಯಲ್ಲಿ ಹೇಗೋ ಹಾಗೆಯೇ,
ಬಿಟ್ಟೆ.

ಮೇಲೆ ಕಾಂತಪ್ಪ ನಿಂತಿದ್ದ.
ಟಯರು ನೋಡಿದ, ತೊಟ್ಟಿ ನೋಡಿದ, ಕೊನೆಗೆ ನನ್ನನ್ನು.
ಮಾರುತ್ತೀರಾ ಗುಲಾಬಿಯಕ್ಕ?
ಕುಂಬಳೆಯ ಕಡೆ ಸಮುದ್ರ ಒಂದೆಳೆ ದಾರದಷ್ಟು ಕಾಣುತ್ತಿತ್ತು.
ಲಾರಿಯ ಟಾರ್ಪಾಲು ಹರಿದಿದೆಯಲ್ಲ, ಇಲ್ಲೇ ಹೊಲಿಯುತ್ತೇನೆ,
ಈ ಸಲ ದುಡ್ಡು ಮೊದಲು ಎಂದೆ.

ಕಳಚಿದ ಕ್ಲಚ್ಚಿನ ಪೆಡಲು ಎಸೆಯಲಿಲ್ಲ.
ಕ್ಯಾನ್ವಾಸು ಹಾಸಿ ಕತ್ತರಿಸುವಾಗ
ಗಾಳಿಗೆ ಮೂಲೆ ಏಳದ ಹಾಗೆ ಮೇಲಿಡುತ್ತೇನೆ.
ಒಳ್ಳೆ ಭಾರ ಉಂಟು.