ನಾಲ್ಕು ಆಯ್ಕೆ

ಪರೀಕ್ಷಾಕ ಮೊದಲು ಕ್ಯಾಮೆರಾ ಕೇಳ್ತು:
ಕೋಣೆ ತೋರಿಸಿ. ಮೇಜಿನ ಕೆಳಗೆ ತೋರಿಸಿ.
ಲ್ಯಾಪ್‌ಟಾಪ್ ತಿರುಗಿಸಿದೆ —
ರೊಟ್ಟಿ ಬುಟ್ಟಿ, ಹಸಿ ಯುನಿಫಾರ್ಮು,
ಗೋಡಿ ಕಡೆ ಮುಖ ಮಾಡಿ ಮಲಗಿದ ಅತ್ತಿ.
ಇನ್ನೊಬ್ಬರು ಇರಬಾರದು.
ಎಬ್ಬಿಸಿದೆ. ಬೈಕೋತ ಹೋದಳು ಪಡಸಾಲಿಗೆ,
ಕೌದಿ ಎಳಕೊಂಡು.

ಹದಿನಾರನೇ ಪ್ರಶ್ನೆ:
ಉತ್ಪಾದನೆ ಎಲ್ಲಿ ಸಿಕ್ಕಿಕೊಳ್ಳುತ್ತದೆ?

ತಾರಿಹಾಳದ ನಮ್ಮ ಶೆಡ್ಡಿನಾಗ, ಎರಡನೇ ಪಾಳಿ,
ಆರು ಲೇಥು ಸುಮ್ಮನ ನಿಂತಾವ.
ಗೇಜಿನ ಕಪಾಟಿನ ಕೀಲಿ
ಹೊಂಬಾಳಿ ಸಾಹೇಬರ ಉಡದಾರದಾಗ.
ಸಾಹೇಬರು ಮಿರ್ಚಿ ತಿನ್ನಾಕ ಹೋಗ್ಯಾರ.

ಅದು ಎ ಅಲ್ಲ, ಬಿ ಅಲ್ಲ.
ಸಿ ಒತ್ತಿದೆ. ಎರಡು ಅಂಕ.

ಮುಂಜಾನಿ ಗೇಟಿನಾಗ ಮೌಲಾಲಿ:
ಏನ್ ಕಲ್ತ್ರಿ ಮೇಡಮ್ಮರ, ಇಷ್ಟು ರೊಕ್ಕ ಕಟ್ಟಿ?
ಇನ್ನೊಂದು ಕೀಲಿ ಮಾಡಿಸಬೇಕು, ಅಂದೆ.

ಕೈಯಾಗಿನ ಗ್ರೀಸು ಒರಸ್ಕೋತ ಅಂದ:
ಹದಿನಾಕು ವರ್ಷಾತು
ನಾ ಹೇಳಾಕತ್ತು.