ಮೂರನೇ ಸಾಲಿನ ಅರಸ

ಶನಿವಾರ ಒಂದೇ ರಾತ್ರಿಗೆ ಮೂರು ಆಟ.
ಕುಶಾಲನಗರದಲ್ಲಿ ಡೇರೆ ಹೊಡೆದ ಕಂಪನಿ ನಾಟಕ;
ಮೈಕಿನವನು ಜೀಪಲ್ಲಿ ಬಂದು ಕೂಗಿ ಹೋಗಿದ್ದ,
‘ನಕ್ಕು ಹೊಟ್ಟೆ ಹುಣ್ಣಾದರೆ ನಾವು ಜವಾಬ್ದಾರರಲ್ಲ.’
ಸಂಪಾಜೆಯಲ್ಲಿ ಬೆಳಗಿನವರೆಗೆ ಯಕ್ಷಗಾನ.
ಅವ್ವನಿಗೆ ಅದೇ ಬೇಕು,
ಚೆಂಡೆ ಇಲ್ಲದ್ದು ಅವಳಿಗೆ ಆಟವೇ ಅಲ್ಲ.
ಮತ್ತೆ ಇಲ್ಲೇ ಸುಂಟಿಕೊಪ್ಪದಲ್ಲಿ,
ಶಾಲೆಯ ಸಭಾಂಗಣದಲ್ಲಿ, ಊರಿನವರೇ ಆಡುವ
‘ನಿದ್ದೆಗೆಟ್ಟ ಅರಸ’.
ದೊಡ್ಡವರಿಗೆ ಐವತ್ತು, ಮಕ್ಕಳಿಗೆ ಪುಕ್ಕಟೆ.

ನನ್ನದು ಆಟೋ. ಮೂರು ಚಕ್ರ, ಐದು ಜನ.
ಕೆಳಗೆ ಹೋದರೆ ಆನೆಕಾಡು, ರಾತ್ರಿ ಹತ್ತರ ಮೇಲೆ
ರಸ್ತೆ ಅವುಗಳದು, ಹಾರ್ನ್ ಹೊಡೆಯುವುದೂ ತಪ್ಪು.
ಮೇಲೆ ಹೋದರೆ ಮಡಿಕೇರಿ ದಾಟಿ ಘಾಟಿ ಇಳಿಯಬೇಕು,
ಈ ಚಳಿಗೆ ಅವ್ವನ ಮಂಡಿ ನನ್ನನ್ನು ವಾರಗಟ್ಟಲೆ ಬೈದೀತು.
ಲೆಕ್ಕ ಹಾಕುವವನು ನಾನು. ಪೆಟ್ರೋಲೇ ಗೆದ್ದಿತು.

ಹೇಮಾಕ್ಷಿ ಏನೂ ಹೇಳಲಿಲ್ಲ.
ನಾಟಕದ ಹೆಸರು ಕೇಳಿ ಒಗ್ಗರಣೆ ಸೀಯಿಸಿದಳು, ಅಷ್ಟೇ.
ಆಮೇಲೆ ಮದುವೆಮನೆಗೆ ಮಾತ್ರ ಉಡುವ ನೀಲಿ ಸೀರೆ ಉಟ್ಟಳು.
“ಊರ ನಾಟಕಕ್ಕೆ ಇಷ್ಟೊಂದಾ?” ಅಂದೆ.
ಪಿನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು. ಉತ್ತರ ಬರಲಿಲ್ಲ.

ಪ್ಲಾಸ್ಟಿಕ್ ಕುರ್ಚಿ. ಮೂರನೇ ಸಾಲು.
ಮುಂದಿನ ಎರಡು ಸಾಲು ಇನ್ನೂ ಬಾರದ ಗಣ್ಯರಿಗೆ.
ಅವ್ವ ಕಿವಿಗೆ ಮಫ್ಲರ್ ಸುತ್ತಿ ಎಲೆಯಡಿಕೆ ಚೀಲ ಬಿಚ್ಚಿದಳು.
ಪರದೆ ಅಂದರೆ ಎರಡು ಜಮಖಾನ, ಗಿಡ್ಡ;
ಕೆಳಗಿನಿಂದ ಅರಸನ ಹವಾಯಿ ಚಪ್ಪಲಿ ಕಾಣುತ್ತಿತ್ತು.

ಪರದೆ ಅರ್ಧ ಸರಿಯಿತು. ಉಳಿದರ್ಧ ಮಂತ್ರಿಯೇ ಎಳೆದ.
ಅರಸ ಬಂದ. ಕಿರೀಟ, ಹತ್ತಿಯ ಗಡ್ಡ,
ಎಡಗಾಲು ತುಸು ಎಳೆಯುವ ಆ ನಡಿಗೆ.
ಮಿನ್ನಿ ಕುರ್ಚಿ ಹತ್ತಿ ನಿಂತಳು:
“ಅಪ್ಪಾ, ಸೂಜಿ ಮಾಮ! ಆಸ್ಪತ್ರೆಯ ಸೂಜಿ ಮಾಮ!”

ಸಭೆಗೆ ಸಭೆಯೇ ನಕ್ಕಿತು.
ಇಡೀ ಊರಿನ ಸೊಂಟಕ್ಕೆ ಚುಚ್ಚಿದ ಕೈ ಅದು.
ಕಂಪೌಂಡರ್ ಕುಟ್ಟಪ್ಪಣ್ಣನಿಗೂ ನಗು ಬಂತು.
ನಗು ಬಂದದ್ದೇ, ಮಾತು ಹೋಯಿತು.
“ನಿದ್ದೆ...” ಅಂದ. “ನಿದ್ದೆ...” ಅಂದ ಮತ್ತೆ.
ಪಕ್ಕದಲ್ಲಿ ಹೇಳಿಕೊಡುವವನ ಟಾರ್ಚು ಸತ್ತಿತ್ತೋ ಏನೋ,
ಹಾಳೆ ಮಗುಚುವ ಸದ್ದು ಮಾತ್ರ.

ಆಗ ನನ್ನ ಎಡಗಡೆಯಿಂದ ಒಬ್ಬ ಅರಸ ಮಾತಾಡಿದ.

“ನಿದ್ದೆ ನನ್ನ ಅರಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟಿದೆ,
ಒಳಗೆ ಬರುತ್ತಿಲ್ಲ. ಯಾರು, ಏನೆಂದಿರಿ ಅದಕ್ಕೆ?”

ಗಂಟಲಿನ ತಳದಿಂದ ಎದ್ದ ದನಿ.
ಹಾಲು ಉಕ್ಕಿದಾಗ ಕೂಗುವುದಲ್ಲ,
ಫೋನಿನಲ್ಲಿ ತಂಗಿಯ ಜೊತೆ ಪಿಸುಗುಡುವುದೂ ಅಲ್ಲ.
ಹನ್ನೊಂದು ವರ್ಷ ಒಂದೇ ಸೂರಿನಡಿ
ನನಗೆ ಕೇಳಿಸದೆ ಎಲ್ಲಿತ್ತು ಇದು?
ತಡವಾಗಿ ಬಂದ ಗಣ್ಯರೊಬ್ಬರು ತಿರುಗಿ ನೋಡಿದರು.
ಕುಟ್ಟಪ್ಪಣ್ಣ ಪ್ರಜೆಯ ಹಾಗೆ ಕೈ ಮುಗಿದ,
ಬಿದ್ದ ಮಾತು ಎತ್ತಿಕೊಂಡ. ನಾಟಕ ನಡೆಯಿತು.

ಅಲ್ಲಿಂದಾಚೆ ನಾನು ವೇದಿಕೆ ನೋಡಲಿಲ್ಲ.
ಅವಳ ತುಟಿ ನೋಡಿದೆ. ಅರಸನಿಗಿಂತ
ಅರ್ಧ ಮಾತು ಮುಂದೆ ಓಡುತ್ತಿತ್ತು.
ಅರಸ ಅಳುವಲ್ಲಿ ಗಡ್ಡ ಕಳಚಿ ಬಿತ್ತು, ಎಲ್ಲರೂ ನಕ್ಕರು.
ಅವಳು ಮಾತ್ರ ಅಳಬೇಕಾದಲ್ಲಿ ಅತ್ತಳು.

“ಮಾದಾಪುರದ ಹೈಸ್ಕೂಲಿನಲ್ಲಿ,” ಅಂದಳು ಆಟೋದಲ್ಲಿ, ನಾನು ಕೇಳದೆಯೇ,
“ಹುಡುಗಿಯರದೇ ನಾಟಕ. ನಮ್ಮ ಕನ್ನಡ ಮೇಷ್ಟ್ರು ಬರೆದದ್ದು.
ನಾನೇ ಅರಸ. ಕಾಡಿಗೆ ಮೀಸೆ. ಎರಡು ದಿನ ಉಜ್ಜಿದರೂ ಹೋಗಲಿಲ್ಲ.”
ಅಷ್ಟೇ. ಮತ್ತೆ ಸೆರಗು ಹೊದ್ದುಕೊಂಡಳು.
“ಚೆಂಡೆ ಇದ್ದಿದ್ದರೆ ಇನ್ನೂ ಚೆನ್ನಾಗಿತ್ತು,” ಅವ್ವ.
ಲಿಖಿತ್ ಅವಳ ತೊಡೆಯ ಮೇಲೆ ಎಂದೋ ಮಲಗಿಯಾಗಿತ್ತು.

“ಅಮ್ಮಾ, ನಿದ್ದೆ ಕೊನೆಗೆ ಒಳಗೆ ಬಂತಾ?”
“ಬಂತಲ್ಲ. ನೀನಾಗ ನಿದ್ದೆ ಹೋಗಿದ್ದೆ.”

ಹಿಂದಿನ ಗಾಡಿ ನೋಡುವ ಕನ್ನಡಿಯನ್ನು
ತುಸು ಕೆಳಗೆ ತಿರುಗಿಸಿದೆ.
ಹಿಂದೆ ಗಾಡಿ ಇರಲಿಲ್ಲ ಬಿಡಿ.

ಮನೆ ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಟ್ಟೆವು.
ಒಳಗೆ ಹೋದ ಮಿನ್ನಿ ಹೊರಗೆ ಬಂದು
ಒಂದೊಂದೇ ಜೊತೆ ಮುಟ್ಟಿ ಎಣಿಸಿದಳು,
ನಿದ್ದೆಯದು ಯಾವುದು ಎಂದು.