ಸೆಂಗಾಳ ಚೀಟಿಗಳು

ಅಜ್ಜಿಯ ಹೆಸರು ಆಗ್ನೆಸ್. ಅದನ್ನೇ ಬಾಲದಿಂದ ಓದಿ
ಇವಳಿಗಿಟ್ಟರಂತೆ, ಸೆಂಗಾ.
"ತೊಟ್ಟಿಲಲ್ಲೇ ನನ್ನನ್ನು ತಿರುವಿ ಹಾಕಿದರು" ಎಂದು
ಗಿರಾಕಿಗಳಿಗೆ ಹೇಳುತ್ತಾಳೆ, ಅವರಿಗೆ ನಗು ಬರುವಷ್ಟು ಕಾಯುತ್ತಾಳೆ,
ಒಂದು, ಎರಡು,
ಆಮೇಲೆ ತಾನೂ ನಗುತ್ತಾಳೆ.

ಡಂಡಿಯ ಏರುಬೀದಿಯಲ್ಲಿ ನಮ್ಮ ಸಲೂನು,
ಮೂರು ಕುರ್ಚಿ, ಒಂದು ಹೀಟರು.
ಬಿದ್ದ ಕೂದಲು ಗುಡಿಸುವುದು ನನ್ನ ಕೆಲಸ.
ಗುಡಿಸುವವರ ಕಣ್ಣಿಗೆ ಏನೇನೋ ಬೀಳುತ್ತದೆ:
ಗಲ್ಲಾಪೆಟ್ಟಿಗೆಯ ತಳದಲ್ಲಿ, ಐದು ಪೌಂಡಿನ ನೋಟುಗಳಡಿ,
ರಬ್ಬರ್ ಬ್ಯಾಂಡ್ ಹಾಕಿದ ಚೀಟಿಗಳ ಕಟ್ಟು.
"ಓಗಿಲ್ವಿ: ಮೊಣಕಾಲು. ನಾಯಿ ಸತ್ತಿದೆ, ಕೇಳಬೇಡ.
ಪಿಟ್‌ಕೇತ್ಲಿ: ಮೊಮ್ಮಗನ ಫುಟ್‌ಬಾಲು. ಸೋತಿದ್ದರೆ ಲೊಚಗುಟ್ಟು.
ಮುದುಕ ರೇ: ಛೇಡಿಸುತ್ತಾನೆ, ಅದು ಪ್ರೀತಿ."
ಕೊನೆಯದರ ಮೇಲೆ ಹೆಸರಿರಲಿಲ್ಲ.
"ಕೈ ಸುಮ್ಮನಿರಲಿ. ಹುಬ್ಬು ಎತ್ತು. ಹೌದೇ ಅನ್ನು.
ಜಾಸ್ತಿ ವಿವರಿಸಬೇಡ."

ಈ ಕಸುಬೇ ಯಾಕೆಂದು ಆಗ ಹೊಳೆಯಿತು.
ಇಲ್ಲಿ ಯಾರ ಕಣ್ಣನ್ನೂ ನೇರ ನೋಡಬೇಕಿಲ್ಲ,
ಇಬ್ಬರೂ ಗಾಜಿನೊಳಗೆ ಭೇಟಿಯಾದರೆ ಸಾಕು.
ಬಾಚಣಿಗೆ ಹಿಡಿದರೆ ಕೈಗಳಿಗೊಂದು ನೆಪ,
ಬೈತಲೆ ನೆಟ್ಟಗೆ ಬಂತೇ ಎಂದು ಎಷ್ಟು ಹೊತ್ತು ದಿಟ್ಟಿಸಿದರೂ
ಜನ ಅದನ್ನು ಅಕ್ಕರೆ ಅಂದುಕೊಳ್ಳುತ್ತಾರೆ.

ಶಾಲೆಯಲ್ಲಿ ಏಳು ವರ್ಷ ನಾನು
ಮೋರಗ್ ಎಂಬ ಹುಡುಗಿಯ ನಗುವನ್ನು ಕದ್ದು ನಕ್ಕವಳು.
ಅವಳು ಊರು ಬಿಟ್ಟಳು. ನಗು ನನ್ನ ಬಾಯಲ್ಲೇ ಉಳಿಯಿತು.
ಚೀಟಿಗಳನ್ನು ಇದ್ದ ಹಾಗೇ ಇಟ್ಟೆ, ನೋಟಿನಡಿ.

ಎರಡು ತಲೆ ಮುಗಿದರೆ ಸೆಂಗಾ ಚಹಾಕ್ಕೆಂದು ಒಳಗೆ ಹೋಗುತ್ತಾಳೆ.
ನೀರು ಕುದಿಯುವ ಸದ್ದಿಲ್ಲ. ದೀಪವೂ ಇಲ್ಲ.
ಟವೆಲುಗಳ ರಾಶಿಗೆ ಹಣೆಯೊತ್ತಿ ನಿಂತಿರುತ್ತಾಳೆ.
ಬಿಗಿದ ಜಡೆ ಬಿಚ್ಚಿದ ಮೇಲೂ
ಕೂದಲ ಬುಡ ನೋಯುತ್ತದಲ್ಲ.

ನವೆಂಬರಿನ ಒಂದು ಗುರುವಾರ, ಟೇ ನದಿಯ ಮಂಜು
ಬಾಗಿಲ ಗಾಜಿನವರೆಗೆ ಬಂದು ನಿಂತಿತ್ತು.
ಸ್ಟ್ರೂಅನ್ ಬಂದ. ಎಂಟು ವರ್ಷ. ಎರಡು ಕಿವಿಗೂ ಅಂಗೈ.
"ನಾಲ್ಕು ಕಡೆ ಹೊರಗೆ ಕಳಿಸಿದರು" ಎಂದಳು ತಾಯಿ,
ಕ್ಷಮಿಸಿ ಎಂದಳು, ಮತ್ತೆ ಕ್ಷಮಿಸಿ ಎಂದಳು.

ಸೆಂಗಾ ರೇಡಿಯೊ ಆರಿಸಿದಳು. ಹೀಟರನ್ನೂ.
ಹುಡುಗನಿಂದ ಒಂದು ಮಾರು ದೂರ ನೆಲದ ಮೇಲೆ ಕೂತು
ಕತ್ತರಿಯ ತಿರುಪು ತೋರಿಸಿದಳು: "ಸದ್ದು ಬರುವುದು ಇಲ್ಲಿಂದ."
ಒಂದು ಹನಿ ಎಣ್ಣೆ ಬಿಟ್ಟಳು. ಇನ್ನೊಂದನ್ನು ಅವನು ಬಿಟ್ಟ.
ಯಾವ ಶಾಲೆ, ಕ್ರಿಸ್‌ಮಸ್ಸಿಗೆ ಏನು ಬೇಕು, ಒಂದೂ ಕೇಳಲಿಲ್ಲ.
ಅವನು ಮುಂದಕ್ಕೂ ಹಿಂದಕ್ಕೂ ತೂಗಿದ. ಅವಳೂ ತೂಗಿದಳು.
ಅವನು ಹಿಂದಕ್ಕೆ ಬಂದಾಗಲೆಲ್ಲ ಒಂದು ಚೂರು ಕೂದಲು,
ಮುಕ್ಕಾಲು ಗಂಟೆ, ಒಂದೇ ಕಿವಿಯ ಸುತ್ತ.

ಅವಳ ಮುಖ ಆಗ ಸುಮ್ಮನಿತ್ತು.
ಹುಬ್ಬು ಹುಬ್ಬಿನ ಜಾಗದಲ್ಲಿ, ಬಾಯಿ ಬಾಯಿಯ ಜಾಗದಲ್ಲಿ,
ಅಂಗಡಿ ಮುಚ್ಚಿದ ಮೇಲಿನ ಕುರ್ಚಿಯ ಹಾಗೆ.
"ಸಿಟ್ಟು ಬಂತೇ ನಿಮಗೆ?" ತಾಯಿ ಅಳುಕುತ್ತ ಕೇಳಿದಳು.
"ಇಲ್ಲ" ಎಂದಳು ಸೆಂಗಾ, ತಿರುಗದೆ. "ನಾನಿರುವುದೇ ಹೀಗೆ."
ಹೇಳಿದ್ದು ಕೇಳಿ ತಾನೇ ಬೆಚ್ಚಿದವಳಂತೆ
ಎಣ್ಣೆ ಬಾಟಲಿಯ ಮುಚ್ಚಳ ತಿರುವುತ್ತ ಕೂತಳು,
ಅದು ಆಗಲೇ ಮುಚ್ಚಿತ್ತು.

ಇನ್ನೊಂದು ಕಿವಿ ಮುಂದಿನ ಗುರುವಾರಕ್ಕೆ ಎಂದಾಯಿತು.
ಅರ್ಧ ಕತ್ತರಿಸಿದ ತಲೆಯಲ್ಲಿ ಹುಡುಗ ಇಳಿಜಾರಿನ ಮಂಜಿಗೆ ನಡೆದ.
ಟೊಪ್ಪಿ ಹಾಕಿಕೋ ಎಂದು ತಾಯಿಯೂ ಅನ್ನಲಿಲ್ಲ.

ಬಾಗಿಲ ಗಂಟೆ ಟಿಣ್ ಎಂದಿತು, ಮಿಸೆಸ್ ಓಗಿಲ್ವಿ.
ಸೆಂಗಾಳ ಹುಬ್ಬು ಮೇಲೇರಿತು. "ಮೊಣಕಾಲು ಹೇಗಿದೆ?"
ಪೊರಕೆ ಹಿಡಿದು ನಾನೂ ನಕ್ಕೆ, ಮೋರಗ್‌ಳ ನಗು,
ಅರ್ಧಕ್ಕೆ ನಿಂತಿತು.

ಸಂಜೆ ಹಣ ಎಣಿಸುವಾಗ ತಳದಲ್ಲಿ ಹೊಸ ಚೀಟಿ:
"ಸ್ಟ್ರೂಅನ್: ಎಡಗಿವಿ ಬಾಕಿ."
ಅದರ ಮುಂದೆ ಏನೂ ಬರೆದಿರಲಿಲ್ಲ.